ಅವನು ಕಂಬಳಿ ಹಾಸಿದ ಭಾನುವಾರ

ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ನನಗೊಬ್ಬಳಿಗೇ. ನನಗೂ ಬರುತ್ತಿರಲಿಲ್ಲ, ಆ ಮಾತು ಬೇರೆ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರುವಾಗಿ, ಏಳನೇ ಕ್ಲಾಸಿನ ಹೊತ್ತಿಗೆ ಬೆಕ್ಕು, ಚೆಂಡು, ಸೂರ್ಯ, ಮೇಷ್ಟ್ರು, ಇಷ್ಟರ ಇಂಗ್ಲಿಷ್ ಹೆಸರುಗಳು ನನ್ನ ಬಾಯಲ್ಲಿದ್ದವು. ಆದರೆ ಕೋಗಳಿಯ ಪಕ್ಕದ ನಮ್ಮ ಊರಿನಲ್ಲಿ, ಕುರಿ ಮತ್ತು ಕಂಬಳಿ ಬಿಟ್ಟರೆ ಮೂರನೆಯ ವಿಚಾರವಿಲ್ಲದ ನಮ್ಮ ಮನೆಯಲ್ಲಿ, ಅಷ್ಟಕ್ಕೇ ನಾನು ಪಂಡಿತೆ. ಪಟ್ಟಣದಿಂದ ಔಷಧದ ಸೀಸೆ ಬಂದರೆ ಅಜ್ಜಿ ಮೊದಲು ಅದನ್ನು ನನ್ನ ಕೈಗೆ ಕೊಡುತ್ತಿದ್ದಳು. ನಾನು ಅದರ ಮೇಲಿನ ಚೀಟಿಯನ್ನು ಗಂಭೀರವಾಗಿ ನೋಡಿ ತಲೆಯಾಡಿಸಿದ ಮೇಲೆಯೇ ಮುಚ್ಚಳ ತೆಗೆಯುತ್ತಿದ್ದಳು. ಈಗ ನೆನೆಸಿಕೊಂಡರೆ ಎದೆ ಧಸಕ್ ಎನ್ನುತ್ತದೆ. ಆಗ ಬರೀ ಜಂಬ. ಮನೆಯವರು ನಂಬುತ್ತಾರೆ ಎಂದ ಮೇಲೆ ನನಗೆ ಬರುತ್ತದೆ ಎಂದೇ ನಾನೂ ನಂಬಿದ್ದೆ.

ಮಣ್ಣಿನ ಮಾಳಿಗೆಯ ಮನೆ ನಮ್ಮದು. ಬಾಗಿಲು ದಾಟಿದರೆ ಪಡಸಾಲೆ. ಪಡಸಾಲೆಯ ಎಡಕ್ಕೆ ಅಪ್ಪನ ಕುಣಿಮಗ್ಗ. ನೆಲದಲ್ಲಿ ತೋಡಿದ ಗುಣಿಗೆ ಕಾಲು ಇಳಿಬಿಟ್ಟು ಕುಳಿತರೆ ಅಪ್ಪ ಸೊಂಟದವರೆಗೆ ಮಾತ್ರ ಕಾಣುತ್ತಿದ್ದ. ಬಲಕ್ಕೆ ಅವ್ವ ಉಣ್ಣೆ ಹಿಂಜುವ ಜಾಗ. ಅಲ್ಲಿಂದ ಏಳುವ ನಾರು ನಮ್ಮ ರೊಟ್ಟಿಯ ಮೇಲೆ, ಮಜ್ಜಿಗೆಯ ಮೇಲೆ, ಅಜ್ಜಿಯ ರೆಪ್ಪೆಯ ಮೇಲೆ ಎಲ್ಲೆಂದರಲ್ಲಿ ಕೂರುತ್ತಿತ್ತು. ಒಳಗೆ ಅಡುಗೆಮನೆ, ಅದರ ಪಕ್ಕ ಮನೆದೇವರು ಬೀರಪ್ಪನ ಜಗುಲಿ. ಇಷ್ಟರ ಯಜಮಾನಿಕೆ ನಮ್ಮಜ್ಜಿ ಹಾಲಮ್ಮನದು. ಅಪ್ಪನ ಹೆಸರು ಹಿಡಿದು ಊರವರು "ಕೆಂಚಪ್ಪನ ಮನೆ" ಎನ್ನುತ್ತಿದ್ದರು. ಅಪ್ಪ ಮಾತ್ರ ಕುರಿ ಮಾರುವುದಿರಲಿ, ಕ್ಷೌರಕ್ಕೆ ಹೋಗುವುದಿರಲಿ, "ಅವ್ವನ್ನ ಕೇಳಿ ಬರ್ತೀನಿ" ಎನ್ನುವ ಪೈಕಿ.

ಟಿವಿ ಬಂದದ್ದು ನಮ್ಮ ಚಿಗಪ್ಪ ಸಿದ್ದಪ್ಪನಿಂದ. ಅಪ್ಪನ ತಮ್ಮ ಅವನು; ನಮ್ಮ ಮನೆತನದಲ್ಲಿ ಪಿಯುಸಿ ಮುಟ್ಟಿದ ಮೊದಲಿಗ, ಹಗರಿಬೊಮ್ಮನಹಳ್ಳಿಯ ಒಂದು ಆಫೀಸಿನಲ್ಲಿ ಗುಮಾಸ್ತ. ತನ್ನ ಬಾಡಿಗೆ ಮನೆಗೆಂದು ಟಿವಿ ತಂದರೆ ಮನೆ ಮಾಲೀಕ ಮಾಳಿಗೆಯ ಮೇಲೆ ಆಂಟೆನಾದ ಕಂಬ ನೆಡಲು ಒಪ್ಪಲಿಲ್ಲ. ಪೆಟ್ಟಿಗೆ ಬಸ್ಸಿನ ತಲೆಯೇರಿ ನಮ್ಮೂರಿಗೆ ಬಂತು. ಅದನ್ನು ಎಲ್ಲಿಡಬೇಕು ಎಂಬುದಕ್ಕೇ ಎರಡು ದಿನ ಜಗಳವಾಯಿತು. ಜಗುಲಿಯ ಪಕ್ಕ ಎಂದ ಚಿಗಪ್ಪ. ಬೀರಪ್ಪನಿಗೆ ಗದ್ದಲ ಆಗದು ಎಂದಳು ಅಜ್ಜಿ. ಅಡುಗೆಮನೆಯ ಬಾಗಿಲಲ್ಲಿ ಎಂದಳು ಅವ್ವ. ಆಕೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಮಗ್ಗದ ಎದುರು, ಉಣ್ಣೆ ತುಂಬಿಡುವ ಸಂದೂಕದ ಮೇಲೆ ಅದಕ್ಕೆ ಜಾಗ ಸಿಕ್ಕಿತು. ನಾರು ಹೊಕ್ಕು ಕೆಡುತ್ತದೆ ಎಂದು ಚಿಗಪ್ಪ ಬಡಬಡಿಸಿದ್ದಕ್ಕೆ ಅಪ್ಪ ಅದರ ಅಳತೆಗೆ ಒಂದು ಪುಟ್ಟ ಕಂಬಳಿ ನೇಯ್ದು ಹೊದಿಸಿದ. ಚಳಿಗಾಲದಲ್ಲಿ ನನಗಿಂತ ಬೆಚ್ಚಗೆ ಮಲಗುತ್ತಿದ್ದದ್ದು ಆ ಟಿವಿಯೇ.

ಭಾನುವಾರ ಬೆಳಿಗ್ಗೆ ಅದರಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಆಗಲೇ ಹಳತು, ಪರದೇಶದಲ್ಲಿ ಯಾವಾಗಲೋ ತೆಗೆದದ್ದಂತೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಎತ್ತರದ ಆಳು, ಹೆಗಲಿಗೆ ಕಟ್ಟಿದ ಉದ್ದನೆಯ ಹೊದಿಕೆ, ಮಾಳಿಗೆಯಿಂದ ಮಾಳಿಗೆಗೆ ಹಾರುವುದು, ಕಳ್ಳರನ್ನು ಕುತ್ತಿಗೆಪಟ್ಟಿ ಹಿಡಿದು ಎತ್ತುವುದು. ಅವನಿಗೆ ಏನೋ ಹೆಸರಿತ್ತು. ನಮ್ಮ ಮನೆಯಲ್ಲಿ ಮೊದಲ ದಿನವೇ ಅಜ್ಜಿ ಅವನಿಗೆ ಕಂಬಳಿಯಣ್ಣ ಎಂದು ಹೆಸರಿಟ್ಟಳು. ಕಪ್ಪು ಬಿಳುಪಿನ ಟಿವಿಯಲ್ಲಿ ಆ ಹೊದಿಕೆ ಕರಿ ಕಂಬಳಿಯಂತೆಯೇ ಕಾಣುತ್ತಿತ್ತು. ಅವನು ಹಾರುತ್ತಾನೆ ಎಂಬುದು ಅಜ್ಜಿಗೆ ದೊಡ್ಡ ಸಂಗತಿ ಅನ್ನಿಸಲಿಲ್ಲ. ಕಂಬಳಿಯ ಅಂಚು ಸರಿಯಾಗಿ ಕಟ್ಟಿಲ್ಲ, ಇನ್ನೆರಡು ಸಲ ಹೀಗೆ ಹಾರಿದರೆ ಎಳೆ ಬಿಡುತ್ತದೆ ಎಂಬುದೇ ಆಕೆಯ ಚಿಂತೆ. ಅಪ್ಪ ಮಗ್ಗದಲ್ಲಿ ಕೂತೇ, ಆ ಕಡೆಯ ಕುರಿಯ ಉಣ್ಣೆ ನಮ್ಮದಕ್ಕಿಂತ ಮೆತ್ತಗಿರಬೇಕು, ಇಲ್ಲದಿದ್ದರೆ ಅಷ್ಟು ಜೋಲುವುದಿಲ್ಲ ಎಂದು ಅಭಿಪ್ರಾಯ ಕೊಟ್ಟ.

ಅವನು ಬಾಯಿ ತೆರೆದಾಗಲೆಲ್ಲ ಅಜ್ಜಿ ನನ್ನ ಕಡೆ ತಿರುಗುತ್ತಿದ್ದಳು.

"ಏನಂತಾನ?"

ಮೊದಮೊದಲು ನಾನು ಕಂಡದ್ದನ್ನೇ ಹೇಳಿದೆ. ಕಳ್ಳನನ್ನು ಹಿಡಿದಿದ್ದರೆ "ಕಳುವು ಮಾಡಬ್ಯಾಡ ಅಂತಾನ" ಎಂದೆ. ಹಾರಿ ಹೋಗುತ್ತಿದ್ದರೆ "ಬರ್ತೀನಿ ಅಂತಾನ" ಎಂದೆ. ಒಂದು ವಾರ ಅವನು ಯಾರೋ ಹೆಂಗಸಿನ ಮುಂದೆ ನಿಂತು ಬಹಳ ಹೊತ್ತು ಮಾತಾಡಿದ. ನಾನು ಅದಕ್ಕೂ "ಬರ್ತೀನಿ ಅಂತಾನ" ಎಂದಾಗ ಅಜ್ಜಿ, ಅಷ್ಟುದ್ದ ಮಾತಿಗೆ ಇಷ್ಟೇನಾ ಎಂದು ನನ್ನನ್ನೇ ದಿಟ್ಟಿಸಿದಳು. ಅಂದಿನಿಂದ ನಾನು ಹುಷಾರಾದೆ. ಅವನ ಮಾತು ಎಷ್ಟು ಉದ್ದವೋ ನನ್ನ ಮಾತನ್ನೂ ಅಷ್ಟೇ ಉದ್ದ ಎಳೆಯುವುದನ್ನು ಕಲಿತೆ. ಎಳೆಯುವಾಗ ತುಂಬಿಸಲು ಏನಾದರೂ ಬೇಕಲ್ಲ, ನನಗೆ ಬೇಕಾದ್ದನ್ನೇ ತುಂಬಿಸಿದೆ. ಕಂಬಳಿಯಣ್ಣ ಒಮ್ಮೆ ಪೊಲೀಸರಿಗೆ, ಭಾನುವಾರ ಮಕ್ಕಳ ಕೈಯಲ್ಲಿ ಉಣ್ಣೆ ಹಿಂಜಿಸಬಾರದು ಎಂದು ಬುದ್ಧಿ ಹೇಳಿದ. ಇನ್ನೊಮ್ಮೆ ಒಬ್ಬ ಮುದುಕನಿಗೆ, ಬೆಲ್ಲದ ಡಬ್ಬಿಯನ್ನು ಅಷ್ಟು ಎತ್ತರದಲ್ಲಿ ಇಡುವುದು ಒಳ್ಳೆಯದಲ್ಲ ಎಂದ. ಮರುದಿನವೇ ನಮ್ಮ ಬೆಲ್ಲದ ಡಬ್ಬಿ ಕೆಳಗಿನ ಗೂಡಿಗೆ ಇಳಿಯಿತು. ಅವ್ವ ಮಾತ್ರ ಡಬ್ಬಿ ಇಳಿಸುತ್ತ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

ಚಿಗಪ್ಪ ಶನಿವಾರ ಸಂಜೆಯ ಬಸ್ಸಿಗೆ ಬರುತ್ತಿದ್ದದ್ದು ಅಪರೂಪ. ಬಂದಾಗಲೂ ಭಾನುವಾರ ಬೆಳಿಗ್ಗೆ ಕುರಿಹಟ್ಟಿಯ ಕಡೆ ಹೋಗಿಬಿಡುತ್ತಿದ್ದ. ಅದು ನನ್ನ ಪುಣ್ಯ.

ಆ ವರ್ಷ ಏಳನೇ ಕ್ಲಾಸಿನ ಪರೀಕ್ಷೆ ಮುಗಿಯಿತು. ನಮ್ಮೂರ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದಕ್ಕೆ ಓದಬೇಕೆಂದರೆ ಹಗರಿಬೊಮ್ಮನಹಳ್ಳಿ. ನನ್ನ ಜೊತೆ ಕಲಿತ ಹುಡುಗಿಯರು ಒಬ್ಬೊಬ್ಬರೇ ಪಾಟಿಚೀಲವನ್ನು ತಮ್ಮ ತಂಗಿಯರ ಹೆಗಲಿಗೆ ಹಾಕಿ ಹೊಲಕ್ಕೆ, ಹಟ್ಟಿಗೆ ಹೋದರು. ಚಿಗಪ್ಪ, ನನ್ನನ್ನು ತನ್ನ ಮನೆಯಲ್ಲಿಟ್ಟುಕೊಂಡು ಹೈಸ್ಕೂಲಿಗೆ ಹಾಕುತ್ತೇನೆ ಎಂದ. ಅಪ್ಪ ಒಪ್ಪಲಿಲ್ಲ. ಅಪ್ಪ ಕೆಟ್ಟವನಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವನು ಬಡಗಿಯನ್ನು ಮನೆಗೆ ಕರೆಸಿ, ನನ್ನನ್ನು ನೆಲದ ಮೇಲೆ ಕೂರಿಸಿ, ನನ್ನ ತೋಳಿನ ಉದ್ದ ಅಳೆಸಿ, ನನ್ನ ಅಳತೆಗೆ ಸರಿಯಾಗಿ ನೂಲುವ ಪುಟ್ಟ ರಾಟೆ ಮಾಡಿಸಿದ್ದ. ಅದರ ಹಿಡಿಗೆ ಬಣ್ಣ ಕೂಡ ಬಳಿಸಿದ್ದ. ಮಗಳು ಪಕ್ಕದಲ್ಲಿ ಕೂತು ನೂಲಬೇಕು, ತಾನು ನೇಯಬೇಕು; ಅವನ ಆಸೆ ಅಷ್ಟೇ. ನನಗೆ ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ಆ ರಾಟೆಯೇ ಅಡ್ಡ ಬರುತ್ತಿತ್ತು.

"ಓದಿ ಯಾವ ಕಂಬಳಿ ನೇಯ್ತಾಳಪ್ಪ? ಇಲ್ಲೇ ಇರ್ಲಿ, ನನ್ನ ಕಣ್ಮುಂದ" ಎಂದ ಅಪ್ಪ.

"ನೋಡಾನ ತಡಿ" ಎಂದಳು ಅಜ್ಜಿ.

ಅಜ್ಜಿಯ "ನೋಡಾನ" ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಡೆದದ್ದುಂಟು. ನಾನು ಉಂಡರೂ ಅದೇ ಯೋಚನೆ, ಮಲಗಿದರೂ ಅದೇ. ಜೂನ್ ತಿಂಗಳು ಹತ್ತಿರವಾಗುತ್ತಿತ್ತು, ರಾಟೆ ಪಡಸಾಲೆಯಲ್ಲಿ ಕಾಯುತ್ತಿತ್ತು.

ಇಲ್ಲಿ ನಮ್ಮವರ ಕಂಬಳಿಯ ವಿಷಯ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕಂಬಳಿ ಹೊದೆಯಲು ಮಾತ್ರ ಇರುವುದಲ್ಲ. ಮದುವೆಯ ಮಾತಿರಲಿ, ಅಣ್ಣತಮ್ಮಂದಿರ ವ್ಯಾಜ್ಯವಿರಲಿ, ಕರಿ ಕಂಬಳಿ ಹಾಸಿ, ನಾಲ್ಕು ಮೂಲೆ ಎಳೆದು ಸುಕ್ಕು ತೆಗೆದು, ಮೇಲೆ ಭಂಡಾರದ ಅರಿಸಿನ ಚಿಮುಕಿಸಿದರೆ ಅದು ಗದ್ದಿಗೆ. ಬೀರಪ್ಪನೇ ಅಲ್ಲಿ ಕೂತಂತೆ. ಅದನ್ನು ಮೆಟ್ಟು ಹಾಕಿಕೊಂಡು ತುಳಿಯುವುದಿಲ್ಲ. ಅದರ ಮೇಲೆ ಕೂತು ಸುಳ್ಳಾಡುವುದಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ಟಗರಿಗಾಗಿ ಇಬ್ಬರು ಕಿತ್ತಾಡಿ ನಮ್ಮ ಮನೆಗೆ ಬಂದಿದ್ದರು. ಅಜ್ಜಿ ಕಂಬಳಿ ಹಾಸಿದಳು. ಒಬ್ಬ ಹೋಗಿ ಕೂತ. ಅಲ್ಲಿಯವರೆಗೆ ಜೋರು ಬಾಯಿ ಮಾಡುತ್ತಿದ್ದ ಇನ್ನೊಬ್ಬ ಮೆಟ್ಟು ಬಿಟ್ಟ, ಒಂದು ಕಾಲು ಎತ್ತಿದ, ಇಳಿಸಿದ, ಮತ್ತೆ ಮೆಟ್ಟು ಮೆಟ್ಟಿಕೊಂಡು ಟಗರನ್ನು ಬಿಟ್ಟು ಹೊರಟುಹೋದ. ಸುಳ್ಳು ಹೇಳಿದರೆ ಏನಾಗುತ್ತದೆ ಎಂದು ಆಮೇಲೆ ಅಜ್ಜಿಯನ್ನು ಕೇಳಿದೆ. ಯಾರೂ ಸುಳ್ಳು ಹೇಳಿಲ್ಲವಲ್ಲ, ಹೇಗೆ ಗೊತ್ತಾಗಬೇಕು ಎಂದಳು. ಹುಳ ಬೀಳುತ್ತದೆ, ಕಣ್ಣು ಹೋಗುತ್ತದೆ ಎಂದಿದ್ದರೂ ಅಷ್ಟು ಹೆದರುತ್ತಿರಲಿಲ್ಲ.

ಆ ಭಾನುವಾರ ಬೀದಿಯಲ್ಲಿ ಹಾಸು ಹಿಡಿದಿದ್ದರು. ಮಗ್ಗಕ್ಕೆ ಏರಿಸುವ ಮುಂಚೆ ಕಂಬಳಿಯ ಉದ್ದೆಳೆಗಳನ್ನೆಲ್ಲ ಬೀದಿಯುದ್ದಕ್ಕೆ ಗೂಟದಿಂದ ಗೂಟಕ್ಕೆ ಬಿಗಿದು, ಹುಣಸೆಬೀಜ ಅರೆದು ಕುದಿಸಿದ ಅಂಟು ಸರಿಯನ್ನು ಕುಂಚದಿಂದ ಹಚ್ಚುತ್ತಾರೆ. ಹಚ್ಚಿದ ಕೂಡಲೇ ಹಸಿ ಇರುವಾಗಲೇ ತೀಡುತ್ತ ಎಳೆ ಬಿಡಿಸುತ್ತ ಹೋಗಬೇಕು. ನಡುವೆ ಕೈಬಿಟ್ಟರೆ ಸರಿ ಒಣಗಿ ಎಳೆಗೆ ಎಳೆ ಅಂಟಿ ಹಾಸು ಹಾಳು. ಹಾಗಾಗಿ ಆ ಕೆಲಸದ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ನಮ್ಮವರು ತಿರುಗಿ ನೋಡುವವರಲ್ಲ. ಆ ದಿನ ಚಿಗಪ್ಪನೂ ಬಂದಿದ್ದ, ಅವನ ಕೈಗೂ ಅಜ್ಜಿ ಕುಂಚ ಕೊಟ್ಟಿದ್ದಳು. ನಾನು ಒಳಗೆ, ಎಲ್ಲರಿಗೂ ಒಗ್ಗರಣೆ ಮಂಡಕ್ಕಿ ಕಲಸುವ ನೆಪದಲ್ಲಿ ಟಿವಿಯ ಮುಂದಿದ್ದೆ.

ಕಂಬಳಿಯಣ್ಣ ಆ ವಾರ ಕಳ್ಳನ ಹಿಂದೆ ಓಡುತ್ತ ಒಂದು ಸಂತೆಯಂಥ ಜಾಗಕ್ಕೆ ಬಂದ. ಕಳ್ಳ ಒಬ್ಬ ಮುದುಕನನ್ನು ನೂಕಿ ಪರಾರಿಯಾದ. ಮುದುಕ ಬಿದ್ದ. ಕಂಬಳಿಯಣ್ಣ ಕಳ್ಳನನ್ನು ಬಿಟ್ಟು ಅಲ್ಲೇ ನಿಂತ. ಆಮೇಲೆ ಇಷ್ಟು ವಾರಗಳಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದ: ಹೆಗಲಿನ ಗಂಟು ಬಿಚ್ಚಿ ಕಂಬಳಿಯನ್ನು ತೆಗೆದ. ನಾನು ಅರಿವಿಲ್ಲದೆ ಕೂಗಿಬಿಟ್ಟೆ.

"ಅಜ್ಜೀ, ಕಂಬಳಿ ತಗದಾನ ನೋಡು ಬಾ!"

ಎರಡೇ ನಿಮಿಷ ಎಂದುಕೊಂಡು ಅಜ್ಜಿ ಬಂದಳು. ಅವಳ ಹಿಂದೆ ಅವ್ವ, ಅಪ್ಪ, ಚಿಗಪ್ಪ, ಕೈಯಲ್ಲಿ ಸರಿ ತೊಟ್ಟಿಕ್ಕುವ ಕುಂಚದ ಸಮೇತ. ಟಿವಿಯಲ್ಲಿ ಅವನು ಕಂಬಳಿಯನ್ನು ರಸ್ತೆಯ ಮೇಲೆ ಹಾಸಿದ. ಮೂಲೆ ಎಳೆದು ಸುಕ್ಕು ತೆಗೆದ. ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟ. ಮುದುಕನನ್ನು ಎತ್ತಿ ಅದರ ಮೇಲೆ ಮಲಗಿಸಿ, ತಾನು ಬೂಟುಗಾಲನ್ನು ಕಂಬಳಿಗೆ ತಾಗಿಸದೆ ಅಂಚಿನಲ್ಲಿ ಮಂಡಿಯೂರಿದ. ಸುತ್ತ ನೆರೆದ ಜನ ಗಪ್ ಚಿಪ್ ಆದರು. ಅಜ್ಜಿ ಸೆರಗು ತಲೆಗೆ ಎಳೆದುಕೊಂಡಳು.

"ಗದ್ದಿಗಿ ಹಾಕ್ಯಾನ" ಎಂದಳು ಮೆಲ್ಲಗೆ. "ನಮ್ಮವನ ಅದಾನ."

ಅವನು ತಲೆಯೆತ್ತಿ ಜನರ ಕಡೆ ನೋಡಿ ಏನೋ ಹೇಳಿದ. ಎರಡು ಮೂರು ಮಾತು, ಗಟ್ಟಿ ದನಿ. ಅಷ್ಟಕ್ಕೆ ವಾದ್ಯ ಬಾರಿಸಿ ಆ ವಾರದ ಕಥೆ ಮುಗಿಯಿತು. ಅಜ್ಜಿ ನನ್ನ ಕಡೆ ತಿರುಗಿದಳು. ಅಪ್ಪನೂ ತಿರುಗಿದ. ನನ್ನ ಕಣ್ಣಿಗೆ ಮೂಲೆಯಲ್ಲಿದ್ದ ರಾಟೆ ಬಿತ್ತು. ಮುಂದಿನದನ್ನು ನಾನು ಯೋಚಿಸಿ ಹೇಳಿದೆ ಎಂದರೆ ಸುಳ್ಳು, ಯೋಚಿಸದೆ ಹೇಳಿದೆ ಎಂದರೂ ಸುಳ್ಳು.

"ಕಲಿಯೋ ಮಕ್ಳನ್ನ ಮನ್ಯಾಗ ಕಟ್ಟಿ ಹಾಕಬ್ಯಾಡ್ರಿ ಅಂತಾನ. ಹೆಣ್ಣಾಗ್ಲಿ ಗಂಡಾಗ್ಲಿ, ದೊಡ್ಡ ಸಾಲಿಗೆ ಕಳಸ್ರಿ ಅಂತಾನ."

ಉದ್ದ ಸರಿಯಾಗಿತ್ತು. ಚಿಗಪ್ಪ ಸರ್ರನೆ ನನ್ನ ಕಡೆ ನೋಡಿದ. ಪಿಯುಸಿ ಓದಿದವನು, ಅಷ್ಟಿಷ್ಟು ಅವನಿಗೆ ತಿಳಿಯುತ್ತಿತ್ತು. ಬಾಯಿ ತೆರೆಯುತ್ತಾನೆ ಎಂದುಕೊಂಡೆ. ಅವನು ತನ್ನ ಕುಂಚದ ತುದಿಯನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ. ಅಜ್ಜಿ, ಗದ್ದಿಗೆಯ ಅಂಚಿನಲ್ಲಿ ಆಡಿದ ಮಾತು ಬಂದಮೇಲೆ ಮತ್ತೆ ನೋಡುವುದೇನಿದೆ, ಮೈಲಮ್ಮ ಓದಲಿ ಎಂದು ನನ್ನ ಹೆಸರು ಹಿಡಿದೇ ಹೇಳಿಬಿಟ್ಟಳು. ಅಪ್ಪ ಎದುರಾಡಲಿಲ್ಲ. ನಾವು ಬೀದಿಗೆ ಹೋಗುವಷ್ಟರಲ್ಲಿ ಬಿಸಿಲಿಗೆ ಅರ್ಧ ಹಾಸು ಒಣಗಿ ಕಡ್ಡಿಯಾಗಿತ್ತು.

ನನ್ನ ಆಸೆ ಈಡೇರಿತ್ತು. ಹಿಗ್ಗಬೇಕಿತ್ತು. ಮೊದಲ ಎರಡು ದಿನ ಹಿಗ್ಗಿದೆ ಕೂಡ. ಆಮೇಲೆ ಅಪ್ಪ ಆ ಕೆಟ್ಟ ಹಾಸನ್ನು ಮಗ್ಗಕ್ಕೆ ಏರಿಸಿದ. ಲಾಳಿ ಎರಡು ಸಲ ಓಡಿದರೆ ಒಂದು ಎಳೆ ಹರಿಯುತ್ತಿತ್ತು. ಗುಣಿಯಿಂದ ಮೇಲೆ ಬಾಗಿ ಗಂಟು ಹಾಕುವುದು, ಮತ್ತೆ ಎರಡು ಸಲ ಲಾಳಿ ಓಡಿಸುವುದು, ಮತ್ತೆ ಗಂಟು. ಬೇರೆ ಹೊತ್ತಿನಲ್ಲಾಗಿದ್ದರೆ ಮನೆಯೆಲ್ಲ ಅವನ ಬೈಗುಳ ಕೇಳಬೇಕಿತ್ತು. ಈ ಸಲ ಬೈಯಲಿಲ್ಲ. ಹೇಗೂ ಮಾರಲು ಬಾರದು, ಮಗಳು ಒಯ್ಯಲಿ, ಹಗರಿಬೊಮ್ಮನಹಳ್ಳಿಯ ನೆಲ ಥಂಡಿ ಎಂದ. ಒಂದು ಮಧ್ಯಾಹ್ನ ನನ್ನ ರಾಟೆಯನ್ನು ಒರೆಸಿ ಮಾಳಿಗೆಯ ತೊಲೆಗೆ ನೇತುಹಾಕಿದ. ಯಾಕಪ್ಪಾ ಎಂದರೆ, ರಜೆಗೆ ಬಂದಾಗ ಬೇಕಾಗುತ್ತದಲ್ಲ ಎಂದ. ನಾನು ಹಿತ್ತಲಿಗೆ ಹೋಗಿ ಅತ್ತೆ. ಅಪ್ಪ ಬೇಡವೆಂದು ಹಟ ಹಿಡಿದಿದ್ದರೆ ನನಗೆ ಸುಳ್ಳು ಅಷ್ಟು ಭಾರವಾಗುತ್ತಿರಲಿಲ್ಲ. ಅವನು ನಂಬಿದ್ದ, ಅದೇ ತೊಂದರೆ. ಭಾನುವಾರಗಳಲ್ಲಿ ಕಂಬಳಿಯಣ್ಣನ ಮುಂದೆ ಕೂರಲು ಬೇಜಾರಾಗತೊಡಗಿತು. ಅಜ್ಜಿ "ಏನಂತಾನ?" ಎಂದರೆ ಟಿವಿ ಗರಗರ ಎನ್ನುತ್ತದೆ, ಕೇಳಿಸುತ್ತಿಲ್ಲ ಎಂದು ಜಾರಿಕೊಳ್ಳುತ್ತಿದ್ದೆ. ಅವ್ವ ಒಮ್ಮೆ ನನ್ನ ಜಡೆ ಹಾಕುತ್ತ, ಅವನು ಖರೇವಂದ್ರ ಏನಂದ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ನಾನು ರಿಬ್ಬನ್ನನ್ನು ಬೆರಳಿಗೆ ಸುತ್ತುತ್ತ ಕೂತೆ. ಅವಳು ಮತ್ತೆ ಕೇಳಲಿಲ್ಲ, ಜಡೆ ಮಾತ್ರ ಬಹಳ ಬಿಗಿಯಾಗಿ ಹಾಕಿದಳು.

ಹೊರಡುವ ಬೆಳಿಗ್ಗೆ ಬಂತು. ಚಿಗಪ್ಪ ಕರೆದೊಯ್ಯಲು ಬಂದಿದ್ದ. ಟ್ರಂಕಿನಲ್ಲಿ ಎರಡು ಲಂಗ, ಗುರೆಳ್ಳು ಪುಡಿಯ ಡಬ್ಬಿ, ಒಣ ರೊಟ್ಟಿಯ ಗಂಟು. ನಾನು ಎಣ್ಣೆ ಹಚ್ಚಿದ ತಲೆಯಲ್ಲಿ ಪಡಸಾಲೆಗೆ ಬಂದರೆ ಅಜ್ಜಿ ಹೊಸ ಕಂಬಳಿಯನ್ನು ನೆಲಕ್ಕೆ ಹಾಸುತ್ತಿದ್ದಾಳೆ. ಅದೇ ಗಂಟಿನ ಕಂಬಳಿ. ನಾಲ್ಕು ಮೂಲೆ ಎಳೆದಳು, ಭಂಡಾರ ಚಿಮುಕಿಸಿದಳು. ಹರಸಿ ಕಳಿಸುತ್ತಾಳೆ ಎಂದುಕೊಂಡು ನಾನು ಬಗ್ಗಿ ಕಾಲು ಮುಟ್ಟಿದೆ.

"ಕುಂದ್ರು" ಎಂದಳು. "ಬ್ಯಾರೆ ಊರಿನ ಗದ್ದಿಗಿ ಮಾತು ನಮ್ಮ ಮನಿಗೆ ಬರ್ಬೇಕಂದ್ರ, ಕೇಳಿದೋರು ನಮ್ಮ ಕಂಬಳಿ ಮ್ಯಾಲ ಕುಂತು ಒಂದ್ಸಲ ಹೇಳ್ಬೇಕು. ಅವ ಏನಂದ ಅಂಬೋದು ಹೇಳಿ ಹೋಗು."

ಅದು ನಮ್ಮಲ್ಲಿ ಇದ್ದ ಪದ್ಧತಿಯೇ. ನನಗೆ ನೆನಪಾಗಿರಲಿಲ್ಲ ಅಷ್ಟೇ. ಚಿಗಪ್ಪ ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವಸರ ಮಾಡಿದ. ಬೇಕಾದರೆ ನೀನು ಕೂತು ಹೇಳು, ನೀನೂ ಕೇಳಿದವನೇ ಅಲ್ಲವೇ ಎಂದಳು ಅಜ್ಜಿ. ತನಗೆ ಅಂದು ಅಷ್ಟು ಸ್ಪಷ್ಟ ಕೇಳಿಸಲಿಲ್ಲ ಎಂದು ಅವನು ಬಾಗಿಲ ಕಡೆ ಸರಿದ. ನಾನು ಕಂಬಳಿಯ ಅಂಚಿಗೆ ಬಂದೆ. ಟಗರಿನ ಆಸೆಗೆ ಬಂದು ಒಂದು ಕಾಲೆತ್ತಿ ಇಳಿಸಿದ್ದ ಆ ಮನುಷ್ಯ ನೆನಪಾದ. ಅವನಂತೆ ಹೊರಟುಹೋಗಲು ನನಗೆ ಜಾಗವಿರಲಿಲ್ಲ, ಬಾಗಿಲಲ್ಲಿ ನನ್ನ ಟ್ರಂಕು ಹೊತ್ತುಕೊಂಡು ಅಪ್ಪ ನಿಂತಿದ್ದ. ಕೂತೆ. ಗಂಟುಗಳು ಒಂದೊಂದೂ ತೊಡೆಗೆ ಒತ್ತಿದವು. ಆ ಒಂದೊಂದನ್ನು ಹಾಕುವಾಗಲೂ ಅಪ್ಪ ಬೈಯದೆ ಇದ್ದದ್ದು ನನಗೆ ಗೊತ್ತಿತ್ತು. ಹಳೆಯ ಮಾತನ್ನೇ ಹೇಳಿ ಎದ್ದುಬಿಡೋಣ, ಬಸ್ಸು ಹತ್ತಿಬಿಡೋಣ ಎಂದು ಬಾಯಿ ತೆರೆದೆ. ಬಂದದ್ದು ಬೇರೆ.

"ಅವ ಹಂಗ ಅಂದಿಲ್ಲ ಅಜ್ಜಿ. ಏನಂದ ನನಗ ತಿಳೀಲಿಲ್ಲ. ಯಾವತ್ತೂ ತಿಳಿದಿಲ್ಲ. ಎಲ್ಲಾ ನಾನ ಕಟ್ಟಿ ಹೇಳೀನಿ."

ಅಪ್ಪ ಟ್ರಂಕನ್ನು ಕೆಳಗಿಟ್ಟ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಲ್ಲಿಗೆ ನನ್ನ ಹೈಸ್ಕೂಲು ಮುಗಿಯಿತು ಎಂದುಕೊಂಡೆ.

"ಹಂಗಾರ ಹಾಸು ಸುಮ್ನ ಕೆಡಿಸ್ಕಂಡೆ ನಾನು" ಎಂದ ಅಪ್ಪ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ನೋವಿತ್ತು.

ಬೆಲ್ಲದ ಡಬ್ಬಿ, ಭಾನುವಾರದ ಉಣ್ಣೆ ಎಲ್ಲವನ್ನೂ ನಾನು ಒಂದೊಂದಾಗಿ ಒಪ್ಪಿಕೊಂಡೆ. ಅಜ್ಜಿ ನನ್ನನ್ನು ಬಿಟ್ಟು ಚಿಗಪ್ಪನ ಕಡೆ ತಿರುಗಿದಳು.

"ಸಿದ್ದಪ್ಪ, ನೀನಾರ ಹೇಳು. ಖರೇ ಏನಂದ ಅವ?"

ಚಿಗಪ್ಪ ಕೆಮ್ಮಿದ. "'ದೂರ ನಿಲ್ರಿ, ಗಾಳಿ ಆಡ್ಲಿ, ಯಾರಾರ ಡಾಕ್ಟರ್ನ ಕರೀರಿ' ಅಂದ ಯವ್ವಾ."

ಬಿದ್ದವನ ಮುಂದೆ ಆಡುವ ಮಾತು ಅದೇ ಅಲ್ಲವೇ, ಅವನೂ ಸರಿಯಾಗಿಯೇ ಆಡಿದ್ದಾನೆ ಎಂದಳು ಅಜ್ಜಿ. ಆಮೇಲೆ ಮಂಡಿಯ ಮೇಲೆ ಕೈಯೂರಿ ಕಷ್ಟಪಟ್ಟು ಬಗ್ಗಿ, ಕಂಬಳಿಯ ಮೇಲೆ ನನ್ನ ಪಕ್ಕದಲ್ಲಿ ಕೂತಳು. ಆಕೆಯ ಮೈಯ ಹುಣಸೆಬೀಜದ ವಾಸನೆ ನನ್ನ ಮೂಗಿಗೆ ಬಂತು. ಗಂಟು ಒತ್ತಿತೇನೋ, ಒಮ್ಮೆ ಸರಿದು ಕೂತು ಸೆರಗು ತಲೆಗೆ ಎಳೆದುಕೊಂಡಳು.

"ಅವ ಅಂದಿಲ್ಲ ಅಂದ್ರ ಬ್ಯಾಡ. ಈಗ ನಾ ಅಂತೀನಿ. ಈ ಕೂಸು ಸುಳ್ಳ ಹೇಳ್ತು, ಕಂಬಳಿ ಮ್ಯಾಲ ಕುಂತು ಖರೇ ಹೇಳ್ತು. ಇದು ಓದ್ಬೇಕು. ಕೇಳಿದೇನು ಕೆಂಚಪ್ಪ?"

ಅಪ್ಪ ನನ್ನನ್ನು ನೋಡಿದ, ತೊಲೆಗೆ ನೇತುಹಾಕಿದ್ದ ರಾಟೆಯನ್ನು ನೋಡಿದ. ಉಣ್ಣೆಯ ಮೂಲೆಯಿಂದ ಅವ್ವ, ಗಂಡಸರ ನಡುವೆ ಅಪರೂಪಕ್ಕೆ ಬಾಯಿ ಹಾಕುವವಳು, "ಬಸ್ಸು ಬರೋ ಹೊತ್ತಾತು" ಎಂದಳು. ಅಪ್ಪ ಬಗ್ಗಿ ಟ್ರಂಕನ್ನು ಮತ್ತೆ ತಲೆಗೆ ಏರಿಸಿಕೊಂಡ.

"ಕೇಳ್ದೆ ಬೇ" ಎಂದ. "ಏಳು ಮೈಲಮ್ಮ, ನಡಿ."

ಹೈಸ್ಕೂಲಿನಲ್ಲಿ ನನ್ನ ಪಾಂಡಿತ್ಯ ಮೊದಲ ವಾರವೇ ಬಯಲಾಯಿತು. ಇಂಗ್ಲಿಷ್ ಮೇಷ್ಟ್ರು ಪ್ರಶ್ನೆ ಕೇಳಿದರೆ ಬೆಂಚಿನಿಂದ ಎದ್ದು ಸುಮ್ಮನೆ ನಿಲ್ಲುವ ಹಾಗಿರಲಿಲ್ಲ; ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದಾದರೂ ಇಂಗ್ಲಿಷಿನಲ್ಲೇ ಹೇಳಬೇಕಿತ್ತು. ನಾನು ಆ ಭಾಷೆಯಲ್ಲಿ ಬಾಯಿಬಿಟ್ಟು ಕಲಿತ ಮೊದಲ ಪೂರ್ತಿ ವಾಕ್ಯ ಅದು. ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಮುಂದೆ ನಾನೇ ಹರಪನಹಳ್ಳಿಯ ಕಡೆ ಇಂಗ್ಲಿಷ್ ಹೇಳಿಕೊಡುವವಳಾದಾಗ, ನನ್ನ ಕ್ಲಾಸಿನ ಮಕ್ಕಳಿಗೂ ಮೊದಲು ಅದನ್ನೇ ಕಲಿಸಿದೆ. ಅರ್ಥ ಕಟ್ಟಿ ಹೇಳುವ ಮಕ್ಕಳನ್ನು ನಾನು ಮುಖ ನೋಡಿಯೇ ಹಿಡಿಯುತ್ತಿದ್ದೆ. ಬೈಯಲು ಮಾತ್ರ ಆಗುತ್ತಿರಲಿಲ್ಲ.

ದಸರೆಯ ರಜೆಗೆ ಊರಿಗೆ ಹೋದೆ. ಭಾನುವಾರ ಬೆಳಿಗ್ಗೆ ಅಜ್ಜಿ ಎಂದಿನಂತೆ ಟಿವಿಯ ಮುಂದೆ, ಅಪ್ಪ ಮಗ್ಗದಲ್ಲಿ. ತೊಲೆಯಿಂದ ಇಳಿಸಿದ್ದ ರಾಟೆಯಲ್ಲಿ ನಾನು ನೂಲುತ್ತಿದ್ದೆ. ಕಂಬಳಿಯಣ್ಣನನ್ನು ಪೊಲೀಸರು ಸುತ್ತುಗಟ್ಟಿ ಏನೋ ಕೇಳುತ್ತಿದ್ದರು. ಅವನು ಕಂಬಳಿ ಕೊಡವಿ ಒಂದು ಮಾತು ಹೇಳಿದ. ನನ್ನ ಕೈ ನಿಂತಿತು. ಅಜ್ಜಿ ತಿರುಗಿದಳು. ನಾನು ಊರು ಬಿಟ್ಟ ಮೇಲೆ ಆಕೆ ಆ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲವಂತೆ.

"ಏನಂತಾನ?"

"'ನನಗ ಗೊತ್ತಿಲ್ಲ' ಅಂತಾನ ಅಜ್ಜಿ."

ಮಗ್ಗದ ಸದ್ದೂ ನಿಂತಿತು. ಅಜ್ಜಿ ನನ್ನ ಮುಖವನ್ನೇ ನೋಡಿದಳು.

"ಖರೇನ?"

"ಖರೇನ. ಬೇಕಾರ ಕಂಬಳಿ ಹಾಸು."

ಅಜ್ಜಿ ಕಂಬಳಿ ಹಾಸಲಿಲ್ಲ. ಮಂಡಕ್ಕಿಯ ತಟ್ಟೆಯನ್ನು ನನ್ನ ಕಡೆ ಸರಿಸಿ, ಮತ್ತೆ ಟಿವಿ ನೋಡತೊಡಗಿದಳು.